ಮನೆ ಉಳಿದರೆ ಊರಿನ ನೆನಪು ಉಳಿದೀತು
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಸಾಲ, ಠೇವಣಿ, ಗೊಬ್ಬರದ ಲೆಕ್ಕವನ್ನೆಲ್ಲ ಕಾರ್ಯದರ್ಶಿಗಳು ಓದಿಯಾಗಿದೆ. ನಾನು ಒಂದು ಮನೆಯ ವಿಷಯ ಹೇಳಿ ಕೂತ್ಕೊಳ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಹಳೇ ತೊಟ್ಟಿಮನೆ ಕೆಡವಿಸಿ ತಾರಸಿ ಮನೆ ಕಟ್ಟಿಸಿದೆ. ಕಂಬ, ತೊಲೆಗಳನ್ನು ಮಾರಿದೆ. ಬಂದ ದುಡ್ಡು ಸಿಮೆಂಟಿಗೂ ಸಾಲಲಿಲ್ಲ. ಮೊನ್ನೆ ಮಗಳು, "ತೊಟ್ಟಿ ಅಂದ್ರೆ ಏನಪ್ಪಾ?" ಅಂತ ಕೇಳಿದಳು. ತೋರಿಸಲು ನಮ್ಮ ಮನೆ ಇರಲಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಗೆ ಕರ್ಕೊಂಡು ಹೋಗಬೇಕಾಯ್ತು.

ಕುವೆಂಪು ಅವರು 1904ರ ಡಿಸೆಂಬರ್ 29ರಂದು ಹುಟ್ಟಿದ್ದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ. ಬೆಳೆದದ್ದು ಕುಪ್ಪಳಿಯ ಈ ಮೂರಂತಸ್ತಿನ ಮನೆಯಲ್ಲಿ. ನಡುವೆ ತೊಟ್ಟಿ, ಸುತ್ತ ಮರದ ಕಂಬಗಳು, ಮೇಲೆ ಹೆಂಚಿನ ಮಾಡು. 1992ರಲ್ಲಿ ಸ್ಥಾಪನೆಯಾದ ಕುವೆಂಪು ಪ್ರತಿಷ್ಠಾನವು ಈ ಮನೆಯನ್ನು ಜೀರ್ಣೋದ್ಧಾರ ಮಾಡಿ 'ಕವಿಮನೆ' ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಕವಿಗಳು ಬಳಸಿದ ವಸ್ತುಗಳ ಜೊತೆಗೆ ಅಡಿಗೆಯ ಪಾತ್ರೆ, ದಿನಬಳಕೆಯ ಸಾಮಾನುಗಳನ್ನೂ ಅಲ್ಲಿ ಜೋಡಿಸಿಟ್ಟಿದ್ದಾರೆ. 1994ರ ನವೆಂಬರ್‌ನಲ್ಲಿ ಅವರು ತೀರಿಕೊಂಡಾಗ ಅಂತ್ಯಸಂಸ್ಕಾರವಾದ ಕವಿಶೈಲವೂ ಮನೆಯ ಹತ್ತಿರದ ಗುಡ್ಡದ ಮೇಲೇ ಇದೆ.

ಆ ಮನೆಗೂ ಕಷ್ಟ ತಪ್ಪಲಿಲ್ಲ. 2015ರ ನವೆಂಬರ್‌ನಲ್ಲಿ ಕಳ್ಳರು ನುಗ್ಗಿ ಪದ್ಮ ಪ್ರಶಸ್ತಿಯ ಪದಕಗಳನ್ನು ಕದ್ದೊಯ್ದರು. ಆದರೂ ಬಾಗಿಲು ಮುಚ್ಚಲಿಲ್ಲ, ಜನ ಬರುವುದೂ ನಿಲ್ಲಲಿಲ್ಲ.

ಅಲ್ಲಿ ನಿಂತಾಗ ನನಗನಿಸಿದ್ದು ಇಷ್ಟೇ. ನಮ್ಮ ಮಲೆನಾಡಿನ ಮಳೆಗೆ ಹೆಂಚಿನ ಮನೆ ತಾನಾಗಿ ಉಳಿಯುವುದಿಲ್ಲ. ವರ್ಷಾ ವರ್ಷಾ ಮಾಡು ಹತ್ತಿ ಒಡೆದ ಹೆಂಚು ಬದಲಿಸಬೇಕು, ಗೆದ್ದಲು ನೋಡಬೇಕು. ಒಬ್ಬನ ಕೈಲಿ ಆಗದ್ದನ್ನು ಹತ್ತು ಜನ ಸೇರಿ ಮಾಡುವುದೇ ತಾನೇ ಸಹಕಾರ?

ನಮ್ಮೂರಲ್ಲಿ ಮಹಾಕವಿ ಹುಟ್ಟಿಲ್ಲ, ನಿಜ. ಆದರೆ ನಮ್ಮ ಸಂಘ ಶುರುವಾದ ಹೆಂಚಿನ ಕೋಣೆ ಇನ್ನೂ ನಿಂತಿದೆ. ಮೊದಲ ತಕ್ಕಡಿ, ಮೊದಲ ಲೆಡ್ಜರು ಗೋದಾಮಿನ ಮೂಲೆಯಲ್ಲಿ ಧೂಳು ತಿನ್ನುತ್ತಿವೆ. ಹೊಸ ಕಟ್ಟಡಕ್ಕಾಗಿ ಆ ಕೋಣೆ ಕೆಡವಬೇಕೆಂಬ ಮಾತು ಬಂದಿದೆ. ದಯವಿಟ್ಟು ಕೆಡವುವುದು ಬೇಡ. ಇವನ್ನೆಲ್ಲ ಅಲ್ಲೇ ಇಡೋಣ. ಮನೆ ಕೆಡಹುವವರು ಹಳೇ ಕೊಳಗ, ನೇಗಿಲನ್ನು ಗುಜರಿಗೆ ಹಾಕದೆ ಸಂಘಕ್ಕೆ ಕೊಡಿ. ಮಾಡು ಹತ್ತುವ ಕೆಲಸಕ್ಕೆ ಮೊದಲ ಆಳು ನಾನೇ.

ಕೆಡವಿದ ತಪ್ಪು ನನ್ನದು. ಅದನ್ನು ಇನ್ನೊಬ್ಬರು ಮಾಡದಿರಲಿ ಅಂತ ಇಷ್ಟು ಹೇಳಿದೆ.