ಸ್ವಲೀನ ತರುಣರೂ ಕಾಯಕವೂ

 

ಮಠಕ್ಕೆ ಬರುವ ತಾಯಿತಂದೆಗಳು ಗುರುಗಳಲ್ಲಿ ಅರಿಕೆ ಮಾಡಿಕೊಳ್ಳುವ ಮಾತುಗಳಲ್ಲಿ ಒಂದು ಬಹು ಭಾರವಾದುದು: “ನಮ್ಮ ಕಾಲಾನಂತರದಲ್ಲಿ ಈ ಮಗುವಿಗೆ ದಿಕ್ಕು ಯಾರು?” ಮಗುವೆಂಬುದು ವಾತ್ಸಲ್ಯದ ನುಡಿಯಷ್ಟೆ, ಆತನಿಗೆ ಆಗಲೇ ಮೀಸೆ ಮೂಡಿರುತ್ತದೆ. ಕರೆದರೆ ತಿರುಗಿ ನೋಡನು, ಆಡಿದ ಮಾತನ್ನೇ ಆಡುವನು, ನಿತ್ಯಕ್ರಮವು ತುಸು ತಪ್ಪಿದರೂ ತಳಮಳಿಸುವನು. ವೈದ್ಯರು ಆಟಿಸಂ ಎನ್ನುವ ಈ ಸ್ಥಿತಿಗೆ ಕನ್ನಡದಲ್ಲಿ ಸ್ವಲೀನತೆಯೆಂದು ಹೆಸರು. ಇದನ್ನು ಪೂರ್ವಕರ್ಮವೆಂದೂ ತಾಯಿಯ ತಪ್ಪೆಂದೂ ಆಡಿಕೊಳ್ಳುವವರಿಗೆ ಕಿವಿಗೊಡಬೇಕಾದುದಿಲ್ಲ.

ಲಿಯೋ ಕ್ಯಾನರ್ ಎಂಬ ವೈದ್ಯರು 1943ರಲ್ಲಿ ಇಂತಹ 11 ಮಕ್ಕಳನ್ನು ಕುರಿತು ಬರೆದರು. ಅವರಲ್ಲಿ ಮೊದಲನೆಯವನು ಅಮೆರಿಕೆಯ ಮಿಸಿಸಿಪ್ಪಿ ಪ್ರಾಂತದ ಫಾರೆಸ್ಟ್ ಎಂಬ ಚಿಕ್ಕ ಊರಿನ ಡೊನಾಲ್ಡ್ ಟ್ರಿಪ್ಲೆಟ್. ಈತನನ್ನು ಎಳೆಯ ವಯಸ್ಸಿನಲ್ಲೇ ದೂರದ ಸಂಸ್ಥೆಯೊಂದಕ್ಕೆ ಸೇರಿಸಿ, ಅಲ್ಲಿ ಬಾಡಿಹೋದುದನ್ನು ಕಂಡು ತಾಯಿತಂದೆಗಳು ಮರಳಿ ಮನೆಗೆ ತಂದರು. 1942ರಲ್ಲಿ ಊರ ಬಳಿಯ ಒಕ್ಕಲುತನದ ದಂಪತಿಗಳ ಮನೆಯಲ್ಲಿ ಅವನನ್ನು ಇರಿಸಲಾಯಿತು. ಆ ದಂಪತಿಗಳ ಜಾಣ್ಮೆ ಎಂತಹುದೆಂಬುದನ್ನು ಲಾಲಿಸಬೇಕು. ಹುಡುಗನಿಗೆ ಕಂಡುದನ್ನೆಲ್ಲ ಅಳೆಯುವ ಹುಚ್ಚು. ಅವರು ಬಾವಿ ತೋಡಲು ಹಚ್ಚಿ, ಆಳವೆಷ್ಟಾಯಿತೆಂದು ಅಳೆದು ಹೇಳೆಂದರು. ಸತ್ತ ಹಕ್ಕಿ, ಹುಳಗಳನ್ನು ಕೂಡಿಹಾಕತೊಡಗಿದಾಗ, ಹೂಳಲು ಒಂದು ಮೂಲೆಯನ್ನು ಬಿಟ್ಟುಕೊಟ್ಟು ಗುರುತಿನ ಹಲಗೆಗಳನ್ನು ನೆಡಿಸಿದರು. ಮೆಕ್ಕೆಜೋಳದ ಸಾಲುಗಳನ್ನು ಎಣಿಸುತ್ತಲೇ ಇದ್ದವನಿಗೆ, ಉಳುತ್ತ ಎಣಿಸೆಂದರು. ಅನ್ಯರು ಹೊಡೆದು ಬಿಡಿಸಹೋಗುವ ಗೀಳು ಅಲ್ಲಿ ಕೆಲಸವಾಗಿ ತಿರುಗಿತು. ಮುಂದೆ ಆತನು ಕಾಲೇಜಿನಲ್ಲಿ ಓದಿ, ಊರಿನ ಬ್ಯಾಂಕಿನಲ್ಲಿ ದುಡಿದು, 27ನೆಯ ವಯಸ್ಸಿನಲ್ಲಿ ಮೋಟಾರು ನಡೆಸಲು ಕಲಿತು, ಒಬ್ಬನೇ ದೇಶಾಂತರಗಳನ್ನು ಸುತ್ತಿಬಂದು, 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡನು. ಮನೆತನವು ಸಿರಿವಂತವಾಗಿತ್ತು, ಆ ಬ್ಯಾಂಕಿನಲ್ಲಿ ಅದಕ್ಕೆ ಪಾಲೂ ಇತ್ತು. ಇದನ್ನು ಮುಚ್ಚಿಡುವುದು ನ್ಯಾಯವಲ್ಲ. ಆದರೆ ಬಾವಿಯ ಆಳವನ್ನು ಅಳೆಯಿಸಲು ಸಿರಿಯೇನೂ ಬೇಕಾಗಿರಲಿಲ್ಲ.

ಶರಣರ ಪರಂಪರೆಯಲ್ಲಿ ಇದು ಹೊಸ ಮಾತೇ? ಚೆಲ್ಲಿದ ಅಕ್ಕಿಯನ್ನು ಆಯುವುದೇ ಮಾರಯ್ಯನವರ ಕಾಯಕವಾಗಿತ್ತು. ಆಯುವ ಕೆಲಸಕ್ಕೆ ಬೇಕಾದುದು ವಾಕ್ಚಾತುರ್ಯವಲ್ಲ, ಬೇಸರವಿಲ್ಲದ ಕಣ್ಣು. ಸ್ವಲೀನ ತರುಣರಲ್ಲಿ ಹಲವರಿಗೆ ಅಂತಹ ಕಣ್ಣುಂಟು.

ಕಲಿಸುವ ಬಗೆಯೂ ಕಠಿಣವಲ್ಲ, ತಾಳ್ಮೆ ಮಾತ್ರ ಬೇಕು. ಸ್ನಾನವೆಂಬುದು ನಮಗೆ ಒಂದು ಕೆಲಸ. ಆತನಿಗೆ ಅದು ಹತ್ತು ಕೆಲಸ. ಒಂದೊಂದನ್ನೂ ಚಿತ್ರದಲ್ಲಿ ಬರೆದು ಗೋಡೆಗೆ ಅಂಟಿಸಿ, ದಿನವೂ ಅದೇ ಕ್ರಮದಲ್ಲಿ ಮಾಡಿಸಿ, ಹಿಡಿದ ಕೈಯನ್ನು ಮೆಲ್ಲಮೆಲ್ಲನೆ ಬಿಡತಕ್ಕದ್ದು. ತಾಯಂದಿರಿಗೆ ಕಷ್ಟವಾಗುವುದು ಕಲಿಸುವುದಲ್ಲ, ಈ ಕೈ ಬಿಡುವುದು. ಎಲ್ಲರೂ ಒಂಟಿಯಾಗಿ ಬಾಳಬಲ್ಲರೆಂದು ಹೇಳಲಾಗದು. ಕೆಲವರಿಗೆ ಜೀವಮಾನವಿಡೀ ನೆರವು ಬೇಕು. ಅಂಥವನೂ ಯಾವ ಅಂಗಿ ತೊಡಬೇಕೆಂಬುದನ್ನು ತಾನೇ ಆರಿಸಲಿ.

ಕಾಯಿದೆಯ ಮಾತು ಸ್ವಲ್ಪ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಪ್ರಕಾರ, 18 ತುಂಬಿದ ಸ್ವಲೀನರಿಗೆ ಪಾಲಕರನ್ನು ನೇಮಿಸಲು ಸ್ಥಳೀಯ ಸಮಿತಿಗಳುಂಟು. 2016ರ ಕಾಯಿದೆಯು ಸ್ವಲೀನತೆಯನ್ನು 21 ಅಂಗವೈಕಲ್ಯಗಳಲ್ಲಿ ಎಣಿಸಿತು. ಮಿತ ಪಾಲಕರು ಆತನೊಡನೆ ಕೂಡಿ ನಿರ್ಧರಿಸತಕ್ಕದ್ದೆಂದೂ ವಿಧಿಸಿತು. ತಾಯಿತಂದೆಗಳು ಗಟ್ಟಿಯಾಗಿರುವಾಗಲೇ ಈ ಕಾಗದಪತ್ರಗಳನ್ನು ಮಾಡಿಸಿಡುವುದು ಲೇಸು.

ಮಠದ ದಾಸೋಹದಲ್ಲಿ ಅಕ್ಕಿ ಆರಿಸುವುದು, ಎಲೆಗಳನ್ನು ಎಣಿಸಿ ಕಟ್ಟುವುದು, ತಟ್ಟೆ ಜೋಡಿಸುವುದು ನಿತ್ಯವೂ ಇದ್ದೇ ಇದೆ. ಭಕ್ತರು ತಮ್ಮ ಮನೆಯ ಇಂತಹ ತರುಣರನ್ನು ಈ ಕೆಲಸಗಳಿಗೆ ಕರೆತರಬಹುದು. ಗಂಟೆಯ ನಾದವೂ ಪಂಕ್ತಿಯ ಗದ್ದಲವೂ ಅವರಲ್ಲಿ ಕೆಲವರಿಗೆ ಸಹಿಸದು. ಆದಕಾರಣ ಜನ ಕೂಡುವ ಮುನ್ನ, ಬೆಳಗಿನ ಹೊತ್ತಿನಲ್ಲಿ ಕರೆತರುವುದು ಒಳ್ಳೆಯದು.