ಕೆಂಪು ಪೆಟ್ಟಿಗೆಯ ಎದುರು ಗಾಡಿ ನಿಲ್ಲಿಸಬೇಡಿ



ನಾವು ಹೆಚ್ಚಿನವರು ಇಲ್ಲಿ ಒಂದೇ ಕಟ್ಟಡದಲ್ಲಿ ಹತ್ತಾರು ಮಂದಿ ಒಟ್ಟಿಗೆ ಮಲಗುವವರು. ಬೆಂಕಿ ಬಿದ್ದರೆ ನೀರು ನಮ್ಮ ಮಹಡಿಗೆ ಹೇಗೆ ಬರುತ್ತದೆ ಎಂದು ಇವತ್ತು ಸ್ವಲ್ಪ ಮಾತಾಡುವ.

2012ರ ಮೇ 28ರಂದು ದೋಹಾದ ವಿಲ್ಲಾಜಿಯೊ ಮಾಲ್‌ನಲ್ಲಿ ಬೆಂಕಿ ಬಿದ್ದು 19 ಮಂದಿ ತೀರಿಹೋದರು. ಅವರಲ್ಲಿ 13 ಮಕ್ಕಳು, 2 ಅಗ್ನಿಶಾಮಕ ಸಿಬ್ಬಂದಿ. ಹೊಗೆ ತುಂಬಿದ ಮೇಲೆ ಒಂದೊಂದು ನಿಮಿಷಕ್ಕೂ ಬೆಲೆ ಉಂಟು.

ಊರಿನ ಅಡಿಕೆ ತೋಟದಲ್ಲಿ ಪಂಪಿನ ಪೈಪಿಗೆ ಕವಲು ಹಾಕಿ, ಎರಡೂ ಕಡೆ ವಾಲ್ವ್ ಇಟ್ಟು ನೀರು ಹಂಚುವುದನ್ನು ನಾವು ನೋಡಿದ್ದೇವೆ. ಅಗ್ನಿಶಾಮಕದವರ ಡಿವೈಡಿಂಗ್ ಬ್ರೀಚಿಂಗ್ ಕೂಡ ಅದೇ. ಒಂದು ಹೋಸ್‌ನಲ್ಲಿ ಬಂದ ನೀರು ಎರಡು ಹೋಸ್‌ಗಳಿಗೆ ಹೋಗುತ್ತದೆ. ಒಂದರಿಂದ ಬೆಂಕಿಗೆ ನೀರು ಹೊಡೆಯುವಾಗ ಇನ್ನೊಂದರಿಂದ ಜನ ಇಳಿಯುವ ಮೆಟ್ಟಿಲನ್ನು ಕಾಪಾಡಬಹುದು. ಒಂದು ಹೋಸ್ ಒಡೆದರೆ ಅದರ ವಾಲ್ವ್ ಮಾತ್ರ ಮುಚ್ಚಿದರಾಯಿತು. ಆದರೆ ಹಂಚಿದಷ್ಟೂ ನೀರಿನ ಬಲ ಕಡಿಮೆ. ಹಿಂದಿನಿಂದ ಒತ್ತಡ ಸರಿಯಾಗಿ ಬರಬೇಕು.

ಆ ಒತ್ತಡಕ್ಕೆ ದಾರಿ ಕಟ್ಟಡದ ಹೊರಗಿರುವ ಕೆಂಪು ಪೆಟ್ಟಿಗೆ, ಅಂದರೆ ಬ್ರೀಚಿಂಗ್ ಇನ್‌ಲೆಟ್. ಫೈರ್ ಎಂಜಿನ್ ಅದರ ಬಾಯಿಗೆ ಹೋಸ್ ಜೋಡಿಸಿ ನೀರು ಒತ್ತುತ್ತದೆ. ನೀರು ಪೈಪಿನಲ್ಲಿ ಮೇಲೇರಿ ಪ್ರತಿ ಮಹಡಿಯ ಲ್ಯಾಂಡಿಂಗ್ ವಾಲ್ವ್‌ಗೆ ಬರುತ್ತದೆ. ಅದರ ಬಾಯಿ ಸಾಮಾನ್ಯವಾಗಿ ಎರಡೂವರೆ ಇಂಚು. ಕೆಳಗೆ ಯಾರೋ ಒಂದು ವಾಲ್ವ್ ತೆರೆದಿಟ್ಟರೆ ನೀರು ಅಲ್ಲೇ ಹರಿದುಹೋಗುತ್ತದೆ, ಮೇಲಿನವರಿಗೆ ಬಲ ಸಾಲುವುದಿಲ್ಲ. ಕಪ್ಲಿಂಗಿನ ರಬ್ಬರ್ ವಾಷರ್ ಹೋದರೆ ಸೋರುತ್ತದೆ. ಮುಚ್ಚಳ ಇಲ್ಲದ ಬಾಯಿಗೆ ಮರಳು, ಕಸ ಸೇರುತ್ತದೆ.

ಹಾಗಾಗಿ ಆ ಪೆಟ್ಟಿಗೆಯ ಎದುರು ಗಾಡಿ ನಿಲ್ಲಿಸುವುದು ಬೇಡ. ವಾಲ್ವ್ ಮೇಲೆ ಬಟ್ಟೆ ಒಣಗಿಸುವುದು, ಫೈರ್ ಹೋಸ್‌ನಿಂದ ಗಾಡಿ ತೊಳೆಯುವುದು ಬೇಡ. ಮುಚ್ಚಳ ಕಾಣೆಯಾಗಿದ್ದರೆ, ಸೋರುತ್ತಿದ್ದರೆ ಫೋಟೋ ತೆಗೆದು ಕ್ಯಾಂಪ್ ಬಾಸ್‌ಗೋ ವಾಚ್‌ಮ್ಯಾನ್‌ಗೋ ತೋರಿಸಿ. ಫಿಟ್ಟಿಂಗ್ ಕೆಲಸದಲ್ಲಿರುವ ನಮ್ಮವರು ಸಡಿಲ ವಾಷರನ್ನು "ನಾಳೆ ನೋಡುವ" ಎಂದು ಬಿಡಬಾರದು. ಆ ಪೈಪಿನ ತುದಿಯ ರೂಮಿನಲ್ಲಿ ಯಾರದೋ ಮಗ ಮಲಗಿರುತ್ತಾನೆ.

ಬೆಂಕಿ ಕಂಡರೆ ಎಲ್ಲರನ್ನೂ ಎಬ್ಬಿಸಿ, ಮೆಟ್ಟಿಲಿನಲ್ಲೇ ಇಳಿದು, 999ಕ್ಕೆ ಕರೆ ಮಾಡಿ. ಲಿಫ್ಟ್ ಬೇಡ. ಪೆಟ್ಟಿಗೆ, ಪಾಸ್‌ಪೋರ್ಟ್ ಹುಡುಕಲು ಹಿಂದೆ ಹೋಗುವುದೂ ಬೇಡ. ದೊಡ್ಡ ಹೋಸ್ ಹಿಡಿಯುವುದು ತರಬೇತಿ ಆದವರ ಕೆಲಸ.

ಊರಿನಲ್ಲಿ ಇದನ್ನು ಓದುವ ಮನೆಯವರೇ, ಮುಂದಿನ ಸಲ ಫೋನ್ ಮಾಡಿದಾಗ ಊಟ ಆಯಿತಾ ಎಂದು ಕೇಳಿದ ಮೇಲೆ ಇನ್ನೊಂದು ಮಾತು ಕೇಳಿ: "ನಿನ್ನ ರೂಮಿನಿಂದ ಹೊರಗೆ ಹೋಗಲು ಎಷ್ಟು ದಾರಿ ಉಂಟು?"