ಶುಗರ್ ನೋಡಿಸ್ತೀವಿ, ವಸಡು ನೋಡಿಸೋದಿಲ್ಲ

ಶಿರಸಿ, ಸಿದ್ದಾಪುರ, ಯಲ್ಲಾಪುರದಿಂದ ಕೇಳ್ತಿರೋರಿಗೂ, ಊರು ಬಿಟ್ಟು ಬೆಂಗಳೂರಲ್ಲಿ ಕೂತು ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ವಿಷಯ ವಸಡು. ನಾನು ಬಿ.ಕಾಂ. ಓದಿದವನು, ಡಾಕ್ಟರ್ ಅಲ್ಲ. ಆದರೆ ಇದು ನಮ್ಮ ಮನೆ ಜಗಲಿಯ ವಿಷಯ.

ಹಳೇ ಮನೆಗಳಲ್ಲಿ ಕವಳದ ತಟ್ಟೆ ಪಕ್ಕ ಒಂದು ಕುಟ್ಟಾಣಿ ಇರುತ್ತೆ. ಹಲ್ಲಿಲ್ಲದ ಅಜ್ಜಂದಿರು ಎಲೆ-ಅಡಿಕೆ ಕುಟ್ಟಿಕೊಂಡು ಬಾಯಿಗೆ ಹಾಕ್ಕೊಳ್ಳೋದಕ್ಕೆ. 'ವಯಸ್ಸಾತು, ಹಲ್ಲು ಹೋಗ್ತು' ಅಂತ ನಾವು ಮಾತು ಮುಗಿಸ್ತೀವಿ. ಆದರೆ ಬರೀ ವಯಸ್ಸಾಯ್ತು ಅಂತ ಹಲ್ಲು ಬೀಳೋದಿಲ್ಲ. ಬಹಳಷ್ಟು ಸಲ ಅದನ್ನು ಹಿಡಿದಿಟ್ಟ ವಸಡು, ಮೂಳೆ ಸವೆದು ಬೀಳುತ್ತೆ.

ಹಲ್ಲಿನ ಬುಡದಲ್ಲಿ ಬ್ಯಾಕ್ಟೀರಿಯಾ ಪದರವಾಗಿ ಕೂರುತ್ತೆ. ತೆಗೀದೇ ಬಿಟ್ಟರೆ ಗಟ್ಟಿಯಾಗಿ ಕಿಟ್ಟ ಕಟ್ಟುತ್ತೆ. ವಸಡು ಊದಿ ಹಲ್ಲಿನಿಂದ ಬಿಟ್ಟುಕೊಳ್ಳುತ್ತೆ, ಆ ಸಂದಿಯೊಳಗೆ ಮತ್ತಷ್ಟು ಬ್ಯಾಕ್ಟೀರಿಯಾ ಸೇರುತ್ತೆ. ಕಾಯಿಲೆ ಬಾಯಿ ತುಂಬಾ ಹರಡಿದರೆ ಈ ಗಾಯಗಳ ಒಟ್ಟು ಅಳತೆ 8ರಿಂದ 20 ಚದರ ಸೆಂಟಿಮೀಟರ್ ಆಗಬಹುದು ಅನ್ನೋ ಲೆಕ್ಕ ಇದೆ. ಶುಗರ್ ಇದ್ದವರ ಕಾಲಲ್ಲಿ ಅಷ್ಟು ದೊಡ್ಡ ಗಾಯ ಆದರೆ ಅದೇ ದಿನ ಆಸ್ಪತ್ರೆಗೆ ಓಡ್ತೀವಿ. ಬಾಯೊಳಗಿದ್ದರೆ ವರ್ಷಗಟ್ಟಲೆ ಬಿಡ್ತೀವಿ.

ಶುಗರ್‌ಗೂ ವಸಡಿಗೂ ಎರಡೂ ಕಡೆಯ ಸಂಬಂಧ. ಶುಗರ್ ಹೆಚ್ಚಾದರೆ ವಸಡು ಬೇಗ ಹಾಳಾಗುತ್ತೆ. ವಸಡಿನ ಉರಿಯೂತದಿಂದ ಇನ್ಸುಲಿನ್ ಕೆಲಸಕ್ಕೆ ಅಡ್ಡಿಯಾಗಿ ಶುಗರ್ ಏರುತ್ತೆ. ವಸಡಿಗೆ ಸರಿಯಾಗಿ ಚಿಕಿತ್ಸೆ ಮಾಡಿಸಿದವರಲ್ಲಿ ಮೂರ್ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿದಿದ್ದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಮಾತ್ರೆ ಬಿಡಿ ಅಂತಲ್ಲ, ಮಾತ್ರೆ ಜೊತೆಗೆ ಇದೂ ಬೇಕು.

ಹೃದಯದ ವಿಷಯದಲ್ಲಿ ಸ್ವಲ್ಪ ಎಚ್ಚರದಿಂದ ಮಾತಾಡಬೇಕು. ವಸಡಿನ ಕಾಯಿಲೆ ಇದ್ದವರಲ್ಲಿ ಹೃದ್ರೋಗ ಹೆಚ್ಚು ಕಾಣುತ್ತೆ. ಅದೇ ಕಾರಣ ಅಂತ ಸಾಬೀತಾಗಿಲ್ಲ. ಆದರೆ ಹೃದಯದ ಕವಾಟ ಮೊದಲೇ ಕೆಟ್ಟಿದ್ದವರಿಗೆ, ಕವಾಟ ಬದಲಿಸಿಕೊಂಡವರಿಗೆ ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಅಲ್ಲೇ ಸೋಂಕು ಮಾಡೋ ಅಪಾಯ ಖಂಡಿತ ಇದೆ. ಅಂಥವರು ಹಲ್ಲಿನ ಡಾಕ್ಟರಿಗೆ ಅದನ್ನ ಮೊದಲೇ ಹೇಳಬೇಕು.

ಇನ್ನು ಕವಳ. ಅಡಿಕೆ ನಮ್ಮ ಅನ್ನ, ಅದರ ಬಗ್ಗೆ ಹೀಗೆ ಮಾತಾಡೋದು ನನಗೂ ಸುಲಭ ಅಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ, ತಂಬಾಕಿಲ್ಲದ ಎಲೆ-ಅಡಿಕೆಯೂ ಕ್ಯಾನ್ಸರ್‌ಕಾರಕ ಅಂದಿದೆ. ವಸಡಿನ ಮಟ್ಟಿಗೆ ಇನ್ನೊಂದು ತೊಂದರೆ ಇದೆ: ಕವಳದ ಕೆಂಪಿನಲ್ಲಿ ರಕ್ತ ಕಾಣೋದೇ ಇಲ್ಲ.

ಹಾಗಾಗಿ ಬೆಳಿಗ್ಗೆ ಮೊದಲ ಕವಳಕ್ಕೂ ಮುಂಚೆ ಹಲ್ಲುಜ್ಜಿ, ಬಿಳೀ ಬೇಸಿನ್ನಿಗೆ ಉಗುಳಿ ನೋಡಿ. ರಕ್ತ ಕಂಡರೆ ಡಾಕ್ಟರಿಗೆ ತೋರಿಸಿ. ಬೀಡಿ, ಸಿಗರೇಟು ಸೇದೋರಿಗೆ ಕಾಯಿಲೆ ಇದ್ದರೂ ರಕ್ತ ಕಡಿಮೆ ಬರುತ್ತೆ. ಅವರು ವಾಸನೆ, ಅಲ್ಲಾಡೋ ಹಲ್ಲು, ಕೆಳಗೆ ಸರಿದ ವಸಡು ಗಮನಿಸಬೇಕು.

'ಕ್ಲೀನಿಂಗ್ ಮಾಡಿಸಿದ್ರೆ ಹಲ್ಲು ಸಡಿಲ ಆಗ್ತು' ಅನ್ನೋರಿಗೆ ಒಂದು ಮಾತು. ಸಡಿಲ ಮಾಡಿದ್ದು ಕಿಟ್ಟ. ಅದನ್ನ ತೆಗೆದಾಗ ಗೊತ್ತಾಗುತ್ತೆ, ಅಷ್ಟೇ. ಮೆತ್ತನೆ ಬ್ರಶ್, ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ ಸಾಕು.

ಮುಂದಿನ ಸಲ ಅಪ್ಪನ ಶುಗರ್ ಟೆಸ್ಟಿಗೆ ಪೇಟೆಗೆ ಕರ್ಕೊಂಡು ಹೋದಾಗ ಹಲ್ಲಿನ ಡಾಕ್ಟರ ಹತ್ತಿರಾನೂ ಹೋಗಿ ಬನ್ನಿ. ಮತ್ತೆ ಸಿಗೋಣ.